ನಿಯಮ ಬರೆದಾಯಿತು, ನ್ಯಾಯ ಹೇಳುವವರು ಯಾರು?

2018ರ ಸೆಪ್ಟೆಂಬರ್ 16ರಂದು ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೂಲ ಕೋಡ್‌ನಿಂದ ಒಂದು ಪುಟ್ಟ ಕಡತವನ್ನು ತೆಗೆದು ಆ ಜಾಗಕ್ಕೆ ಇನ್ನೊಂದನ್ನು ಹಾಕಲಾಯಿತು. ತೆಗೆದದ್ದು 2015ರಲ್ಲಿ ಸೇರಿಸಿದ್ದ ‘ಕೋಡ್ ಆಫ್ ಕಾನ್‌ಫ್ಲಿಕ್ಟ್’. ನಿಮ್ಮ ಕೋಡನ್ನು ಇಲ್ಲಿ ಕಟುವಾಗಿಯೇ ಪರೀಕ್ಷಿಸುತ್ತಾರೆ, ಹಾಗೆಂದು ಯಾರನ್ನೂ ವೈಯಕ್ತಿಕವಾಗಿ ನಿಂದಿಸುವುದು, ಬೆದರಿಸುವುದು ಸಲ್ಲದು, ಅಂಥದ್ದೇನಾದರೂ ಆದರೆ ತಾಂತ್ರಿಕ ಸಲಹಾ ಮಂಡಳಿಗೆ ತಿಳಿಸಿ ಎಂದು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದ್ದ ಕಡತ ಅದು. ಹೊಸದಾಗಿ ಬಂದದ್ದು ‘ಕಾಂಟ್ರಿಬ್ಯೂಟರ್ ಕವನೆಂಟ್’ ಎಂಬ ನಡವಳಿಕೆ ಸಂಹಿತೆಯನ್ನು ಆಧರಿಸಿದ್ದು. ಅದೇ ದಿನ ಲಿನಕ್ಸ್‌ನ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಇಮೇಲ್ ಬರೆದು, ವರ್ಷಗಟ್ಟಲೆ ತಾನು ಸಹೋದ್ಯೋಗಿಗಳ ಮೇಲೆ ಹರಿಹಾಯ್ದದ್ದಕ್ಕೆ ಕ್ಷಮೆ ಕೇಳಿದರು. ಇನ್ನೊಬ್ಬರ ಭಾವನೆಗಳನ್ನು ಅರ್ಥಮಾಡಿಕೊಳ್ಳಲು ನೆರವು ಪಡೆಯುತ್ತೇನೆಂದು ಹೇಳಿ, ಕೆಲಸವನ್ನು ಹಿರಿಯ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕೈಗೆ ಒಪ್ಪಿಸಿ ಕೆಲ ವಾರ ಪಕ್ಕಕ್ಕೆ ಸರಿದರು.

ಆ ಕಡತ ಬದಲಾದದ್ದರಿಂದ ಯಾವ ಕಂಪ್ಯೂಟರಿನ ಕೆಲಸವೂ ಬದಲಾಗಲಿಲ್ಲ. ಆದರೆ ಜಗತ್ತಿನಾದ್ಯಂತ ಪ್ರೋಗ್ರಾಮರ್‌ಗಳು ಎರಡು ಪಾಳಯವಾದರು. ಸಂಹಿತೆಯ ಹೆಸರಿನಲ್ಲಿ ತಮ್ಮನ್ನು ಹೊರಹಾಕಿದರೆ ತಾವು ಬರೆದ ಕೋಡ್‌ನ ಲೈಸೆನ್ಸನ್ನೇ ಹಿಂತೆಗೆದುಕೊಳ್ಳಬಹುದು ಎಂಬ ವಾದ ಹುಟ್ಟಿತು. ಲಿನಕ್ಸ್ ಬಳಸುವ ಜಿಪಿಎಲ್ ಎಂಬ ಮುಕ್ತ ಲೈಸೆನ್ಸನ್ನು ಹಾಗೆ ಹಿಂಪಡೆಯಲು ಬರುವುದಿಲ್ಲ ಎಂದು ಮುಕ್ತ ತಂತ್ರಾಂಶದ ಕಾನೂನು ಬಲ್ಲವರು ಉತ್ತರಿಸಬೇಕಾಯಿತು. ‘ಪರಸ್ಪರ ಗೌರವದಿಂದಿರಿ’ ಎಂಬ ಮಾತಿಗೆ ಇಷ್ಟೊಂದು ಕೋಲಾಹಲ ಏಕೆ? ಹೊರಗಿನಿಂದ ನೋಡುವವರಿಗೆ ಇದು ಒಗಟು. ನನ್ನ ಅಭಿಪ್ರಾಯದಲ್ಲಿ, ಸಭ್ಯತೆ ಬೇಕೋ ಬೇಡವೋ ಎಂಬುದು ಈ ಜಗಳದ ಮೇಲ್ಪದರ ಅಷ್ಟೇ. ದೂರು ಬಂದಾಗ ತೀರ್ಪು ಕೊಡುವವರು ಯಾರು, ಅವರ ಅಧಿಕಾರ ಎಲ್ಲಿಯವರೆಗೆ, ಅವರೇ ತಪ್ಪಿದರೆ ಕೇಳುವವರು ಯಾರು ಎಂಬುದು ತಳದಲ್ಲಿರುವ ತಕರಾರು.

ಮೊದಲು ಈ ಸಂಹಿತೆಗಳ ಅಗತ್ಯ ಹೇಗೆ ಬಂತೆಂದು ನೋಡೋಣ. ಓಪನ್ ಸೋರ್ಸ್ ಯೋಜನೆ, ಅಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವ ಯೋಜನೆ, ಒಂದು ವಿಚಿತ್ರ ಕೂಟ. ಇಲ್ಲಿ ಕೆಲವರು ಕಂಪನಿಯ ಸಂಬಳ ಪಡೆದು ಕೆಲಸ ಮಾಡುತ್ತಾರೆ, ಕೆಲವರು ಬಿಡುವಿನಲ್ಲಿ ಬರೆಯುವ ಸ್ವಯಂಸೇವಕರು. ಎಲ್ಲರಿಗೂ ಮೇಲಿನವನೊಬ್ಬ ಮಾಲೀಕ ಇಲ್ಲ, ಮಾನವ ಸಂಪನ್ಮೂಲ ವಿಭಾಗ ಇಲ್ಲ, ಎಷ್ಟೋ ಕಡೆ ನೋಂದಾಯಿತ ಸಂಸ್ಥೆಯೂ ಇಲ್ಲ. ಬಂದ ಕೋಡನ್ನು ಪರಿಶೀಲಿಸಿ ಸೇರಿಸಿಕೊಳ್ಳುವ ಮೇಂಟೇನರ್ ಒಬ್ಬ ಹೊಸಬರನ್ನು ದಿನಾ ಹೀಯಾಳಿಸಿದರೆ ದೂರು ಕೊಡಲು ಒಂದು ಬಾಗಿಲೇ ಇರುತ್ತಿರಲಿಲ್ಲ. ತಾಂತ್ರಿಕ ಸಮ್ಮೇಳನಗಳಲ್ಲಿ ಮಹಿಳೆಯರಿಗೆ ಆಗುತ್ತಿದ್ದ ಕಿರುಕುಳ 2010ರ ಹೊತ್ತಿಗೆ ಬಹಿರಂಗ ಚರ್ಚೆಗೆ ಬಂತು. 2011ರಲ್ಲಿ ವ್ಯಾಲರಿ ಅರೋರಾ ಮತ್ತು ಮೇರಿ ಗಾರ್ಡಿನರ್ ಕಟ್ಟಿದ ಅಡಾ ಇನಿಶಿಯೇಟಿವ್, ಸಮ್ಮೇಳನಗಳು ಕಿರುಕುಳ-ವಿರೋಧಿ ನೀತಿ ಬರೆದುಕೊಳ್ಳುವಂತೆ ಒತ್ತಾಯಿಸಿತು. 2004ರಲ್ಲಿ ಹೊರಬಂದ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಮೊದಲಿನಿಂದಲೂ ತನ್ನದೇ ಸಂಹಿತೆ ಇಟ್ಟುಕೊಂಡಿತ್ತು. ಇನ್ನೊಂದು ಆವೃತ್ತಿಯಾದ ಡೆಬಿಯನ್ 2014ರಲ್ಲಿ ಮತಕ್ಕೆ ಹಾಕಿ ತನ್ನದನ್ನು ಅಂಗೀಕರಿಸಿತು. ಅದೇ ವರ್ಷ ಪ್ರೋಗ್ರಾಮರ್ ಕೋರಲೈನ್ ಅಡಾ ಎಮ್ಕಿ ಕಾಂಟ್ರಿಬ್ಯೂಟರ್ ಕವನೆಂಟ್ ಬರೆದರು. ಯಾವ ಯೋಜನೆಯಾದರೂ ನಕಲು ಮಾಡಿ ತನ್ನ ಸಂಪರ್ಕ ವಿಳಾಸ ತುಂಬಿಕೊಳ್ಳಬಹುದಾದ ಸಿದ್ಧ ಪಠ್ಯ ಅದಾದ್ದರಿಂದ ಬಹುಬೇಗ ಹರಡಿತು.

ಅಗತ್ಯ ಇತ್ತೇ ಎಂದು ಕೇಳುವವರಿಗೆ ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನ 2017ರ ಸಮೀಕ್ಷೆಯ ಅಂಕಿಗಳನ್ನು ತೋರಿಸುತ್ತೇನೆ. ಉತ್ತರಿಸಿದವರಲ್ಲಿ ಶೇ. 95ರಷ್ಟು ಗಂಡಸರು, ಹೆಂಗಸರು ಶೇ. 3. ಕೆಟ್ಟ ನಡವಳಿಕೆಯನ್ನು ತಾವೇ ಅನುಭವಿಸಿದವರು ಶೇ. 18, ಕಣ್ಣಾರೆ ಕಂಡವರು ಶೇ. 50. ಅನುಭವಿಸಿದವರು ಅಥವಾ ಕಂಡವರ ಪೈಕಿ ಐವರಲ್ಲಿ ಒಬ್ಬರು ಆ ಯೋಜನೆಯನ್ನೇ ಬಿಟ್ಟಿದ್ದರು. ಬಿಟ್ಟುಹೋದವರು ಬರೆಯಬಹುದಾಗಿದ್ದ ಕೋಡ್ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಲಿನಕ್ಸ್‌ನಲ್ಲೇ 2013ರಲ್ಲಿ ಇಂಟೆಲ್‌ನಲ್ಲಿದ್ದ ಒಬ್ಬ ಕರ್ನಲ್ ಡೆವಲಪರ್ ಈ ಬೈಗುಳದ ಸಂಸ್ಕೃತಿ ನಿಲ್ಲಬೇಕೆಂದು ಟೋರ್ವಾಲ್ಡ್ಸ್‌ಗೆ ನೇರವಾಗಿ ಹೇಳಿದರು. ನಿಲ್ಲಲಿಲ್ಲ, 2015ರಲ್ಲಿ ಅವರು ಕರ್ನಲ್ ಕೆಲಸದಿಂದ ಹೊರನಡೆದರು.

ಹಾಗಾದರೆ ವಿರೋಧಿಸುವವರು ಯಾರು? ಬೈಯುವ ಸ್ವಾತಂತ್ರ್ಯ ಬೇಕೆನ್ನುವವರು ಮಾತ್ರ ಎಂದು ತಿಳಿದರೆ ತಪ್ಪಾಗುತ್ತದೆ. ಓಪನ್ ಸೋರ್ಸ್ ಲೋಕದ ಹಳಬರಲ್ಲಿ ಆಳವಾಗಿ ಬೇರೂರಿದ ನಂಬಿಕೆಯೊಂದಿದೆ: ಇಲ್ಲಿ ನೀನು ಯಾರು, ಯಾವ ದೇಶದವನು, ಏನು ಓದಿದವನು ಎಂದು ಯಾರೂ ಕೇಳುವುದಿಲ್ಲ, ನೀನು ಕಳಿಸುವ ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಚೆನ್ನಾಗಿದ್ದರೆ ಸಾಕು. ಪದವಿಯಿಲ್ಲದ, ಮಾತು ಬಾರದ, ಯಾವ ಗುಂಪಿಗೂ ಸೇರದ ಎಷ್ಟೋ ಜನ ಈ ನಂಬಿಕೆಯ ಆಸರೆಯಲ್ಲೇ ಮೇಲೆ ಬಂದವರು. ಅವರಿಗೆ ಪ್ರತಿಭೆಯ ಆಳ್ವಿಕೆ ಎಂಬುದು ಬರೀ ಘೋಷಣೆಯಲ್ಲ, ಬದುಕಿನ ಅನುಭವ. ಇನ್ನೊಂದು ಪಕ್ಷದ ಪ್ರಶ್ನೆ ಇದು: ಪ್ಯಾಚ್ ಕಳಿಸುವ ಹಂತಕ್ಕೆ ಬರುವ ಮೊದಲೇ ಅರ್ಧ ಜನ ಅವಮಾನದಿಂದ ಹಿಂತಿರುಗಿದರೆ, ಉಳಿದವರಲ್ಲಿ ಯಾರು ಮೇಲೆಂದು ಅಳೆಯುವುದನ್ನು ಪ್ರತಿಭೆಯ ಆಳ್ವಿಕೆ ಎನ್ನಬಹುದೇ? ಗಿಟ್‌ಹಬ್ ಕಚೇರಿಯಲ್ಲಿ, ಅಮೆರಿಕ ಅಧ್ಯಕ್ಷರ ಕೋಣೆಯ ಮಾದರಿಯಲ್ಲಿ ಮಾಡಿದ್ದ ಸ್ವಾಗತ ಕೊಠಡಿಯೊಂದಿತ್ತು. ಅದರ ನೆಲಹಾಸಿನ ಮೇಲೆ ‘ಯುನೈಟೆಡ್ ಮೆರಿಟಾಕ್ರಸಿ ಆಫ್ ಗಿಟ್‌ಹಬ್’ ಎಂದು ನೇಯಿಸಿದ್ದರು. ಟೀಕೆ ಹೆಚ್ಚಾಗಿ 2014ರ ಜನವರಿಯಲ್ಲಿ ಕಂಪನಿ ಆ ನೆಲಹಾಸನ್ನು ತೆಗೆಸಿತು. ಒಂದು ಪಕ್ಷಕ್ಕೆ ಅದು ಬಹಳ ದಿನದಿಂದ ಬಾಕಿಯಿದ್ದ ಒಪ್ಪಿಗೆ, ಇನ್ನೊಂದು ಪಕ್ಷಕ್ಕೆ ತಾವು ನಂಬಿದ್ದ ಮೌಲ್ಯದ ತಲೆದಂಡ. ಇಬ್ಬರ ನೋವೂ ನಿಜವಾದದ್ದು ಎಂಬುದನ್ನು ಒಪ್ಪದೆ ಮುಂದಿನ ಜಗಳಗಳು ಅರ್ಥವಾಗುವುದಿಲ್ಲ.

ಪಠ್ಯದ ಬಗ್ಗೆ ನಡೆದ ಜಗಳಗಳಲ್ಲಿ ಎಲ್ಲಕ್ಕಿಂತ ಬೋಧಪ್ರದವಾದದ್ದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯದ್ದು. 2016ರ ಜನವರಿಯಲ್ಲಿ ಎಮ್ಕಿಯವರೇ ರೂಬಿ ಸಮುದಾಯ ಕಾಂಟ್ರಿಬ್ಯೂಟರ್ ಕವನೆಂಟ್ ಒಪ್ಪಿಕೊಳ್ಳಲಿ ಎಂದು ಪ್ರಸ್ತಾಪಿಸಿದರು. ಆ ಪಠ್ಯದಲ್ಲಿ ವಯಸ್ಸು, ದೇಹದ ಗಾತ್ರ, ಅಂಗವೈಕಲ್ಯ, ಜನಾಂಗ, ಲಿಂಗ ಗುರುತು, ರಾಷ್ಟ್ರೀಯತೆ, ಧರ್ಮ ಇತ್ಯಾದಿಗಳ ಪಟ್ಟಿಯಿದೆ. ಇವುಗಳ ಕಾರಣಕ್ಕೆ ಯಾರಿಗೂ ಕಿರುಕುಳ ಆಗಬಾರದು ಎಂಬುದು ಆಶಯ. ಕಿರುಕುಳ ನಡೆಯುವುದೇ ಈ ಕಾರಣಗಳಿಗೆ, ಆದ್ದರಿಂದ ಹೆಸರಿಟ್ಟು ಹೇಳಬೇಕು ಎನ್ನುವುದು ಬರೆದವರ ನಿಲುವು. ವಿರೋಧಿಗಳು ಪಟ್ಟಿಯಲ್ಲಿ ಇಲ್ಲದ್ದನ್ನು ತೋರಿಸುತ್ತಾರೆ: ರಾಜಕೀಯ ಅಭಿಪ್ರಾಯ ಅದರಲ್ಲಿಲ್ಲ, ಹಾಗಾಗಿ ಇದೇ ಒಂದು ರಾಜಕೀಯ ದಾಖಲೆ ಎನ್ನುತ್ತಾರೆ. ರೂಬಿಯ ಕರ್ತೃ ಯುಕಿಹಿರೊ ಮಾತ್ಸುಮೊಟೊ ಕೊನೆಗೆ ಆರಿಸಿದ್ದು ನಾಲ್ಕೇ ಅಂಶಗಳ ಮಾರ್ಗಸೂಚಿಯನ್ನು: ಭಿನ್ನ ಅಭಿಪ್ರಾಯಗಳನ್ನು ಸಹಿಸಿ, ವೈಯಕ್ತಿಕ ದಾಳಿ ಬೇಡ, ಇನ್ನೊಬ್ಬರ ಉದ್ದೇಶ ಒಳ್ಳೆಯದೇ ಎಂದು ಭಾವಿಸಿ, ಕಿರುಕುಳವನ್ನು ಸಹಿಸುವುದಿಲ್ಲ. ಇದರಲ್ಲಿ ಮೂರನೆಯದು ಓದಲು ಎಷ್ಟು ಸೌಮ್ಯವೋ ಅಷ್ಟೇ ವಿವಾದಾಸ್ಪದ. ಪದೇ ಪದೇ ಅವಮಾನಕ್ಕೊಳಗಾದವರಿಗೆ ‘ಅವನ ಉದ್ದೇಶ ಒಳ್ಳೆಯದಿತ್ತು ಎಂದುಕೊಳ್ಳಿ’ ಎಂದು ಹೇಳಿದರೆ ಅನುಮಾನದ ಲಾಭವೆಲ್ಲ ಅವಮಾನ ಮಾಡಿದವನಿಗೇ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆ ಸಾಲನ್ನೇ ತೆಗೆದುಹಾಕಿದರೆ, ಬೇರೆ ಭಾಷೆಯ ಹಿನ್ನೆಲೆಯಿಂದ ಬಂದು ಒರಟಾಗಿ ಬರೆದುಬಿಟ್ಟವನಿಗೆ ರಕ್ಷಣೆಯಿಲ್ಲ ಎಂಬ ಆಕ್ಷೇಪದಲ್ಲೂ ಇದೆ.

ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಸಮುದಾಯ 2018ರ ಫೆಬ್ರವರಿಯಲ್ಲಿ ತಂದ ಸಂಹಿತೆಯ ಕಥೆ ಬೇರೆ. ಒಪ್ಪಿಗೆಯಿಲ್ಲದೆ, ಅಥವಾ ಬೇಡವೆಂದ ಮೇಲೂ, ದೈಹಿಕವಾಗಿ ಮುಟ್ಟುವುದು ಮತ್ತು ಹಾಗೆ ಮುಟ್ಟಿದಂತೆ ಬರೆಯುವುದು ಕಿರುಕುಳ ಎಂದು ಅದು ಹೇಳಿತು. ಉದಾಹರಣೆಯಾಗಿ ನಕ್ಷತ್ರ ಚಿಹ್ನೆಗಳ ನಡುವೆ ‘ಹಗ್’ ಎಂಬ ಪದವನ್ನೂ ಕೊಟ್ಟಿತು. ಚಾಟ್‌ನಲ್ಲಿ ಅಪ್ಪುಗೆ ಕಳಿಸುವುದನ್ನೇ ನಿಷೇಧಿಸಿದ್ದಾರೆ ಎಂಬ ಗದ್ದಲ ಎದ್ದಿತು. ಬೇಡ ಎಂದ ಹೆಣ್ಣಿಗೆ ಬಿಡದೆ ಇಂಥವನ್ನು ಕಳಿಸುವ ಗಂಡಸರ ಕಾಟವನ್ನು ಕಂಡವರಿಗೆ ಆ ಸಾಲು ಎಲ್ಲಿಂದ ಬಂತೆಂದು ಗೊತ್ತು. ಆ ಹಿನ್ನೆಲೆ ಗೊತ್ತಿಲ್ಲದವರಿಗೆ ಅದು ಅತಿರೇಕವಾಗಿ ಕಂಡಿತು. ಎರಡು ವರ್ಷಗಳ ಬಳಿಕ, 2020ರಲ್ಲಿ, ಡೆವಲಪರ್‌ಗಳ ಅಭಿಪ್ರಾಯ ಪಡೆದು ಎಲ್‌ಎಲ್‌ವಿಎಮ್ ಎಂಬ ಇನ್ನೊಂದು ಯೋಜನೆಯ ಸಂಹಿತೆಯನ್ನು ಆಧರಿಸಿದ ಹೊಸ ಪಠ್ಯಕ್ಕೆ ಅವರು ಬದಲಾದರು. ನಿಯಮದ ಹಿಂದಿನ ನೋವು ಗೊತ್ತಿಲ್ಲದ ಜನರ ಮುಂದೆ ನಿಯಮವನ್ನಷ್ಟೇ ಇಟ್ಟರೆ ಹೀಗಾಗುತ್ತದೆ.

2018ರಲ್ಲೇ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ತಂತ್ರಾಂಶದ ಕರ್ತೃ ರಿಚರ್ಡ್ ಹಿಪ್ 6ನೇ ಶತಮಾನದ ಕ್ರೈಸ್ತ ಸನ್ಯಾಸಿ ಸಂತ ಬೆನೆಡಿಕ್ಟರ ನಿಯಮಗಳನ್ನು ತಮ್ಮ ಯೋಜನೆಯ ಸಂಹಿತೆಯೆಂದು ಪ್ರಕಟಿಸಿದರು. ಟೀಕೆ ಬಂದಾಗ ಅದನ್ನು ‘ನೈತಿಕ ಸಂಹಿತೆ’ ಎಂದು ಬೇರೆಯಾಗಿಟ್ಟು, ನಡವಳಿಕೆಗೆ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಪಠ್ಯ ತಂದುಕೊಂಡರು. ಮುಕ್ತ ತಂತ್ರಾಂಶ ಚಳವಳಿಯ ಪ್ರವರ್ತಕ ರಿಚರ್ಡ್ ಸ್ಟಾಲ್ಮನ್ ತಮ್ಮ ಗ್ನು ಯೋಜನೆಗೆ ಶಿಕ್ಷೆಯಿಲ್ಲದ, ಬರೀ ಸಲಹೆಗಳಿರುವ ‘ಸೌಜನ್ಯದ ಸಂವಹನ’ದ ಮಾರ್ಗಸೂಚಿ ಬರೆದರು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನ ಸಮುದಾಯ ಸಂಹಿತೆಯ ಬಗ್ಗೆ 2016ರ ಆರಂಭದಲ್ಲಿ ಶುರುಮಾಡಿದ ಚರ್ಚೆಯನ್ನು ಮುಗಿಸಿದ್ದು 2018ರ ಸೆಪ್ಟೆಂಬರ್‌ನಲ್ಲಿ.

ಪಠ್ಯಕ್ಕಿಂತ ಕಠಿಣವಾದದ್ದು ವ್ಯಾಪ್ತಿಯ ಪ್ರಶ್ನೆ. ಯೋಜನೆಯ ಹೊರಗೆ ಒಬ್ಬ ಆಡಿದ ಮಾತಿಗೆ ಯೋಜನೆಯೊಳಗೆ ಶಿಕ್ಷೆ ಕೊಡಬಹುದೇ? 2015ರಲ್ಲಿ ಓಪಲ್ ಎಂಬ ಸಣ್ಣ ಯೋಜನೆಯಲ್ಲಿ ಇದು ಮೊದಲ ಸಲ ದೊಡ್ಡದಾಗಿ ಸ್ಫೋಟಿಸಿತು. ಅಲ್ಲಿನ ಒಬ್ಬ ಕೊಡುಗೆದಾರ ತನ್ನ ಸ್ವಂತ ಟ್ವಿಟರ್ ಖಾತೆಯಲ್ಲಿ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಬರೆದದ್ದಕ್ಕೆ ಆತನನ್ನು ತೆಗೆಯಬೇಕೆಂದು ಎಮ್ಕಿ ಕೇಳಿದರು; ಯೋಜನೆಯವರು ಒಪ್ಪಲಿಲ್ಲ. 2024ರ ಏಪ್ರಿಲ್‌ನಲ್ಲಿ ಹೈಪರ್‌ಲ್ಯಾಂಡ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ತಂತ್ರಾಂಶದ ಮುಖ್ಯ ಡೆವಲಪರ್‌ನನ್ನು, ಲಿನಕ್ಸ್ ಡೆಸ್ಕ್‌ಟಾಪ್‌ನ ಹಲವು ಯೋಜನೆಗಳಿಗೆ ನೆಲೆಯಾದ ಫ್ರೀಡೆಸ್ಕ್‌ಟಾಪ್ ಸಂಸ್ಥೆಯ ಸಂಹಿತಾ ತಂಡ ಹೊರಹಾಕಿತು. ಮೂಲ ಕಾರಣ ಆತನ ಸ್ವಂತ ಯೋಜನೆಯ ಡಿಸ್ಕಾರ್ಡ್ ಚಾಟ್ ಕೊಠಡಿಯಲ್ಲಿ ನಡೆದ ಸಂಗತಿಗಳು. ಇಲ್ಲಿ ನನಗೆ ಸುಲಭದ ಉತ್ತರ ಕಾಣುವುದಿಲ್ಲ. ‘ಇವರು ಮನುಷ್ಯರೇ ಅಲ್ಲ’ ಎಂದು ಹೊರಗೆ ಬರೆಯುವವನ ಕೈಗೆ ಆ ‘ಇವರು’ ಕಳಿಸಿದ ಪ್ಯಾಚ್ ಪರಿಶೀಲನೆಗೆ ಹೋದರೆ, ಹೊರಗಿನ ಮಾತು ಹೊರಗೇ ಉಳಿಯಿತು ಎಂದು ನಂಬುವುದು ಅವರಿಗೆ ಕಷ್ಟ. ಹಾಗೆಂದು ಎಲ್ಲೆಲ್ಲಿ ಆಡಿದ ಮಾತಿಗೂ ವಿಚಾರಣೆ ಎಂದರೆ, ಹತ್ತಾರು ದೇಶಗಳ ಜನ ಸೇರುವ ಜಾಗದಲ್ಲಿ ಒಂದು ದೇಶದ ಸಾಮಾನ್ಯ ಮತದಾರನ ಅಭಿಪ್ರಾಯ ಇನ್ನೊಂದು ದೇಶದಲ್ಲಿ ಅಪರಾಧವಾಗಿ ಕಾಣುತ್ತದೆ. ಕಾಂಟ್ರಿಬ್ಯೂಟರ್ ಕವನೆಂಟ್‌ನ ಪಠ್ಯ ಹೊರಗಿನ ಜಾಗದಲ್ಲಿ ‘ಯೋಜನೆಯನ್ನು ಪ್ರತಿನಿಧಿಸುವಾಗ’ ಎಂದು ಗೆರೆ ಎಳೆಯುತ್ತದೆ. ಆದರೆ ಪ್ರಸಿದ್ಧ ಮೇಂಟೇನರ್ ಒಬ್ಬ ಯಾವ ಹೊತ್ತಿನಲ್ಲಿ ಬರೀ ತಾನಾಗಿರುತ್ತಾನೆ, ಯಾವ ಹೊತ್ತಿನಲ್ಲಿ ಪ್ರತಿನಿಧಿಯಾಗಿರುತ್ತಾನೆ?

ಇನ್ನು ಅಧಿಕಾರದ ವಿಷಯ. 2016ರಲ್ಲಿ ಪಿಎಚ್‌ಪಿ ಭಾಷೆಯ ಸಮುದಾಯದಲ್ಲಿ ಬಂದ ಸಂಹಿತೆಯ ಪ್ರಸ್ತಾಪ ಬಿದ್ದುಹೋದದ್ದರ ಹಿಂದೆ ಶಿಕ್ಷೆ ಕೊಡಬಲ್ಲ ಸಮಿತಿಯ ಬಗೆಗಿನ ಭಯವೇ ಹೆಚ್ಚಾಗಿತ್ತು. ನೋಡ್ ಜೆಎಸ್ ಎಂಬ ತಂತ್ರಾಂಶ ಯೋಜನೆಯಲ್ಲಿ 2017ರ ಆಗಸ್ಟ್‌ನಲ್ಲಿ ತಾಂತ್ರಿಕ ಸಮಿತಿಯ ಹಿರಿಯ ಸದಸ್ಯರೊಬ್ಬರ ಮೇಲೆ ದೂರುಗಳು ಬಂದವು. ಸಂಹಿತೆಗಳನ್ನೇ ಪ್ರಶ್ನಿಸುವ ಒಂದು ಲೇಖನವನ್ನು ಟ್ವಿಟರ್‌ನಲ್ಲಿ ಹಂಚಿಕೊಂಡದ್ದೂ ಆ ದೂರುಗಳಲ್ಲಿ ಒಂದು. ಅವರನ್ನು ಕೈಬಿಡಬೇಕೇ ಎಂದು ಮತ ಹಾಕಿದವರು ಅದೇ ಸಮಿತಿಯ ಸಹಸದಸ್ಯರು. ಪ್ರಸ್ತಾಪ ಸೋತಿತು; ಹಲವರು ರಾಜೀನಾಮೆ ಕೊಟ್ಟರು; ‘ಅಯೋ’ ಎಂಬ ಹೆಸರಿನಲ್ಲಿ, ಅದೇ ಕೋಡಿನ ಪ್ರತಿ ಇಟ್ಟುಕೊಂಡು, ಯೋಜನೆಯೇ ಕವಲೊಡೆಯಿತು. ಈ ಒಂದೇ ಪ್ರಕರಣದಲ್ಲಿ ಎರಡು ತಪ್ಪುಗಳು ಒಟ್ಟಿಗೆ ಕಾಣುತ್ತವೆ ಎಂದು ನನಗನ್ನಿಸುತ್ತದೆ. ನಿಯಮವನ್ನು ಟೀಕಿಸುವುದೇ ನಿಯಮದ ಉಲ್ಲಂಘನೆಯಾದರೆ ಅಲ್ಲಿ ಚರ್ಚೆಗೆ ಜಾಗವಿಲ್ಲ. ಆರೋಪಿಯ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಗೆಳೆಯರೇ ನ್ಯಾಯಾಧೀಶರಾದರೆ ದೂರುದಾರರಿಗೆ ನ್ಯಾಯದ ಭರವಸೆಯಿಲ್ಲ.

ಇಷ್ಟವಿಲ್ಲದಿದ್ದರೆ ಕವಲೊಡೆದು ಹೋಗಲಿ, ಕೋಡ್ ಮುಕ್ತವಾಗಿದೆಯಲ್ಲ ಎಂಬ ಮಾತು ಇಂಥ ಪ್ರತಿ ಜಗಳದಲ್ಲೂ ಬರುತ್ತದೆ. ಹೀಗೆ ಫೋರ್ಕ್ ಮಾಡುವವನಿಗೆ, ಅಂದರೆ ಕವಲೊಡೆಯುವವನಿಗೆ, ಸಿಗುವುದು ಕೋಡ್ ಮಾತ್ರ. ಹೆಸರು, ಬಳಕೆದಾರರು, ಪರೀಕ್ಷಾ ಸರ್ವರ್‌ಗಳು, ಪ್ರಾಯೋಜಕರು, ದೋಷ ಸಿಕ್ಕರೆ ಮೊದಲು ತಿಳಿಸುವ ಕಂಪನಿಗಳು ಎಲ್ಲವೂ ಹಳೆಯ ಮನೆಯಲ್ಲೇ ಉಳಿಯುತ್ತವೆ. ಅಯೋ ಕೆಲ ಕಾಲದಲ್ಲೇ ತಣ್ಣಗಾಯಿತು. ಜೊತೆಗೆ ಲಿನಕ್ಸ್‌ನಂಥ ಯೋಜನೆಯಲ್ಲಿ ಬಹುಪಾಲು ಜನರಿಗೆ ಅದೇ ಸಂಬಳದ ಕೆಲಸ. ಅಲ್ಲಿಂದ ಹೊರಹಾಕುವುದು ಹೊಟ್ಟೆಪಾಡಿನ ಮೇಲಿನ ಏಟು. ಉದ್ಯೋಗಿಯನ್ನು ತೆಗೆಯುವಾಗ ಕಂಪನಿ ಪಾಲಿಸಬೇಕಾದ ಕಾನೂನಿನ ಕ್ರಮಗಳು ಇಲ್ಲಿ ಅನ್ವಯಿಸುವುದಿಲ್ಲ.

ಏಟು ಬೇರೆಯವರಿಗೂ ತಗಲುತ್ತದೆ. 2024ರ ನವೆಂಬರ್‌ನಲ್ಲಿ ಕರ್ನಲ್‌ನ ಸಂಹಿತಾ ಸಮಿತಿ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಬಿಕ್ಯಾಶ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಂಟೇನರ್ ಕೆಂಟ್ ಓವರ್‌ಸ್ಟ್ರೀಟ್ ಅವರು ಇನ್ನೊಬ್ಬ ಡೆವಲಪರ್‌ಗೆ ‘ತಲೆ ಪರೀಕ್ಷೆ ಮಾಡಿಸಿಕೊ’ ಎಂಬ ಧಾಟಿಯಲ್ಲಿ ಬರೆದದ್ದಕ್ಕೆ ಬಹಿರಂಗ ಕ್ಷಮೆ ಬಯಸಿತು. ಅದು ಬಾರದಿದ್ದಾಗ ಕರ್ನಲ್‌ನ 6.13ನೇ ಆವೃತ್ತಿ ಸಿದ್ಧವಾಗುವ ಅವಧಿಯಲ್ಲಿ ಅವರ ಕೋಡ್ ಸ್ವೀಕರಿಸಬಾರದೆಂದು ನಿರ್ಧಾರವಾಯಿತು. ಶಿಕ್ಷೆಗೆ ನಿಶ್ಚಿತ ಅವಧಿಯಿತ್ತು, ಕಾರಣವನ್ನು ಬಹಿರಂಗವಾಗಿ ಹೇಳಲಾಗಿತ್ತು. 2018ರಲ್ಲಿ ಹೆದರಿದವರು ಊಹಿಸಿದ್ದಕ್ಕಿಂತ ಇದು ಎಷ್ಟೋ ಹದವಾದ ಕ್ರಮ. ಆದರೂ ಆ ಅವಧಿಯಲ್ಲಿ ದೋಷ ಪರಿಹಾರಕ್ಕೆ ಕಾಯುತ್ತಿದ್ದ ಬಳಕೆದಾರರು ಯಾರನ್ನೂ ಬೈದಿರಲಿಲ್ಲ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯದಲ್ಲಿ ನಡೆದದ್ದು ಇದಕ್ಕಿಂತ ಗೋಜಲಿನದ್ದು. ಟಿಮ್ ಪೀಟರ್ಸ್ ಆ ಭಾಷೆಯ ಹಿರಿಯರಲ್ಲಿ ಹಿರಿಯರು. ಇಂದು ಹಲವು ಭಾಷೆಗಳು ಬಳಸುವ ಟಿಮ್‌ಸಾರ್ಟ್ ಎಂಬ ವಿಂಗಡಣಾ ವಿಧಾನ ಅವರ ಕೊಡುಗೆ. ಸಂಹಿತೆ ಉಲ್ಲಂಘಿಸಿದ ಗೌರವ ಸದಸ್ಯರನ್ನು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ಆಡಳಿತ ಮಂಡಳಿ ಸರಳ ಬಹುಮತದಿಂದ ತೆಗೆಯಬಹುದು ಎಂಬ ನಿಯಮ ತಿದ್ದುಪಡಿಯನ್ನು 2024ರಲ್ಲಿ ಅವರು ಉದ್ದುದ್ದ ಬರೆದು ಪ್ರಶ್ನಿಸಿದರು. ಆಗಸ್ಟ್‌ನಲ್ಲಿ ಅವರನ್ನು ಮೂರು ತಿಂಗಳು ಅಮಾನತು ಮಾಡಿದರು. ಪ್ರಕಟಣೆಯಲ್ಲಿ ಹೆಸರಿರಲಿಲ್ಲ, ಆದರೆ ಆರೋಪಗಳ ಪಟ್ಟಿಯಿತ್ತು: ಚರ್ಚೆಯನ್ನು ಅತಿಯಾದ ಬರಹಗಳಿಂದ ತುಂಬಿಸಿದ್ದು, ‘ತಿರುಗು ವರ್ಣಭೇದ’ದಂಥ (ಬಹುಸಂಖ್ಯಾತರ ವಿರುದ್ಧವೇ ಭೇದ ನಡೆಯುತ್ತದೆ ಎನ್ನುವ) ವಾದಗಳನ್ನು ಸಮರ್ಥಿಸಿದ್ದು ಇತ್ಯಾದಿ. ಯಾವ ಮಾತು, ಯಾವ ಸಂದರ್ಭ ಎಂಬುದಕ್ಕೆ ಉಲ್ಲೇಖಗಳಿರಲಿಲ್ಲ. ದೂರುದಾರರ ಗುರುತು ಕಾಪಾಡಲು ವಿವರ ಮುಚ್ಚಿಡಬೇಕು, ಇಲ್ಲದಿದ್ದರೆ ದೂರು ಕೊಡಲು ಯಾರೂ ಮುಂದೆ ಬರುವುದಿಲ್ಲ, ಇದು ನಿಜ. ವಿವರ ಮುಚ್ಚಿಟ್ಟ ತೀರ್ಪನ್ನು ಹೊರಗಿನವರು ಪರೀಕ್ಷಿಸಲಾಗುವುದಿಲ್ಲ, ಇದೂ ನಿಜ. ಆದರೆ ಈ ಪ್ರಕರಣದಲ್ಲಿ ಮಾತುಕತೆಯ ಬಹುಭಾಗ ಬಹಿರಂಗವಾಗಿಯೇ ನಡೆದಿತ್ತು. ಹೀಗಿರುವಾಗ ಉಲ್ಲೇಖ ಕೊಡದಿರುವುದಕ್ಕೆ ಗೋಪ್ಯತೆಯ ಕಾರಣ ಸಾಲದು ಎಂಬುದು ನನ್ನ ಅಭಿಪ್ರಾಯ. ಸಂಸ್ಥೆಯ ನಿಯಮವನ್ನೇ ಟೀಕಿಸುತ್ತಿದ್ದ ವ್ಯಕ್ತಿಯ ಮೇಲೆ ಕ್ರಮ ಕೈಗೊಳ್ಳುವಾಗ ಸಾಕ್ಷ್ಯ ಇಡುವ ಹೊಣೆ ಹೆಚ್ಚು, ಕಡಿಮೆಯಲ್ಲ.

ಈ ಸಂಹಿತೆಗಳಿಗೆ ಎಟುಕದ ರಾಜಕೀಯವೂ ಇದೆ. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಸಂಸ್ಥೆಗಳ ಜೊತೆ ನಂಟಿದ್ದ ಹಲವು ಮೇಂಟೇನರ್‌ಗಳ ಹೆಸರನ್ನು ಲಿನಕ್ಸ್ ಪಟ್ಟಿಯಿಂದ ತೆಗೆಯಲಾಯಿತು. ಅದೇ ಕರ್ನಲ್‌ನ ಸಂಹಿತೆಯಲ್ಲಿ ‘ರಾಷ್ಟ್ರೀಯತೆ’ ಎಂಬ ಪದವಿದೆಯಲ್ಲ ಎಂದು ಜನ ಕೇಳಿದರು. ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿರುವ ಕಂಪನಿಗಳಿಗೆ ದುಡಿಯುವವರ ಮೇಲಿನ ಕಾನೂನಿನ ನಿರ್ಬಂಧ ಇದು, ಯಾರ ಪೌರತ್ವಕ್ಕೂ ಸಂಬಂಧಿಸಿದ್ದಲ್ಲ ಎಂಬ ವಿವರಣೆ ಆಮೇಲೆ ಬಂತು. 2025ರ ಅಕ್ಟೋಬರ್‌ನಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ್ದ 15 ಲಕ್ಷ ಡಾಲರ್ ಅನುದಾನದ ಅರ್ಜಿಯನ್ನು ಹಿಂತೆಗೆದುಕೊಂಡಿತು. ವೈವಿಧ್ಯ ಮತ್ತು ಒಳಗೊಳ್ಳುವಿಕೆಗಾಗಿ ಯಾವ ಕಾರ್ಯಕ್ರಮವನ್ನೂ ನಡೆಸುವುದಿಲ್ಲ ಎಂದು ಬರೆದುಕೊಡಬೇಕೆಂಬ ಷರತ್ತನ್ನು ಒಪ್ಪಲು ಅದು ಸಿದ್ಧವಿರಲಿಲ್ಲ. ಅಷ್ಟು ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟದ್ದು ಸಣ್ಣ ತ್ಯಾಗವಲ್ಲ. ನಾನು ಅದನ್ನು ಗೌರವಿಸುತ್ತೇನೆ, ಹಿಂದಿನ ವರ್ಷ ಅವರ ಸಮುದಾಯದಲ್ಲಿ ನಡೆದ ಅಮಾನತಿನ ಬಗ್ಗೆ ನನಗೆ ಆಕ್ಷೇಪವಿದ್ದರೂ.

ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಗಂಭೀರವಾಗಿ ಪ್ರಯತ್ನಿಸಿದ್ದು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯ. ಆ ಸಮುದಾಯದಲ್ಲಿ ಸಂಹಿತೆಯನ್ನು ಕಾಯುತ್ತಿದ್ದ ಮಾಡರೇಶನ್ ತಂಡ 2021ರ ನವೆಂಬರ್ 22ರಂದು ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಮೇಲಿನ ‘ಕೋರ್’ ತಂಡ ತನಗೆ ತಾನಲ್ಲದೆ ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ, ಹಾಗಾಗಿ ಅವರ ಮೇಲೆ ಸಂಹಿತೆಯನ್ನು ಜಾರಿ ಮಾಡಲಾಗುತ್ತಿಲ್ಲ ಎಂಬುದು ಅವರ ದೂರು. ನಿಕ್ಸ್‌ಓಎಸ್ ಎಂಬ ಲಿನಕ್ಸ್ ಆವೃತ್ತಿಯಲ್ಲೂ ಇಂಥದ್ದೇ ಆಯಿತು. ಅಲ್ಲಿ ರಕ್ಷಣಾ ತಂತ್ರಜ್ಞಾನ ಕಂಪನಿ ಆಂಡುರಿಲ್‌ನ ಪ್ರಾಯೋಜಕತ್ವದಿಂದ ಎದ್ದ ಜಗಳದ ಬಳಿಕ 2024ರಲ್ಲಿ ಸ್ಥಾಪಕ ಎಲ್ಕೊ ಡೋಲ್ಸ್ಟ್ರಾ ಮಂಡಳಿಯಿಂದ ಇಳಿದರು, ಚುನಾಯಿತ ಸಮಿತಿ ಬಂತು. 2025ರಲ್ಲಿ ಆ ಚುನಾಯಿತ ಸಮಿತಿಯೇ ತಮ್ಮ ಕೆಲಸದಲ್ಲಿ ಕೈಹಾಕುತ್ತಿದೆ ಎಂದು ಮಾಡರೇಟರ್‌ಗಳು ಹೊರನಡೆದರು. ಚುನಾವಣೆ ಒಂದೇ ಸಾಲದು ಎಂದಾಯಿತು.

ರಸ್ಟ್ 2023ರಲ್ಲಿ ಕೋರ್ ತಂಡವನ್ನು ಮುಚ್ಚಿ, ಬೇರೆ ಬೇರೆ ತಂಡಗಳ ಪ್ರತಿನಿಧಿಗಳಿರುವ ನಾಯಕತ್ವ ಮಂಡಳಿಯನ್ನು ಕಟ್ಟಿತು. ಅದರ ನಿಯಮಾವಳಿಯಲ್ಲಿ ದಿನನಿತ್ಯದ ಕೆಲಸದಿಂದ ದೂರವಿರುವ, ಬಿಕ್ಕಟ್ಟಿನಲ್ಲಿ ಮಾತ್ರ ಕರೆಯಬಹುದಾದ ಮೀಸಲು ಮಾಡರೇಟರ್‌ಗಳ ಏರ್ಪಾಡಿದೆ. ಮಂಡಳಿ ಮತ್ತು ಮಾಡರೇಶನ್ ತಂಡದ ನಡುವೆ ಜಗಳ ಬಂದು ಬೇರೆ ಯಾವ ದಾರಿಯೂ ಉಳಿಯದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಎರಡೂ ತಂಡಗಳನ್ನು ಒಟ್ಟಿಗೇ ವಿಸರ್ಜಿಸಬಹುದು. ಎದುರಾಳಿಯನ್ನು ಮಾತ್ರ ಇಳಿಸುವ ಅವಕಾಶ ಯಾರಿಗೂ ಇಲ್ಲ. ಅವರನ್ನು ಇಳಿಸಬೇಕೆಂದರೆ ತಾವೂ ಇಳಿಯಬೇಕು.